ಹೆದರಿದ ಬೆಕ್ಕಿಗೆ ಯಾವುದು ಸರಿ: ಗೋಣಿಚೀಲವೋ, ಬುಟ್ಟಿಯೋ, ಮಾತ್ರೆಯೋ?

ನಮ್ಮ ಕರಿಯನಿಗೆ ಮೊದಲ ಸಲ ರೇಬೀಸ್ ಲಸಿಕೆ ಹಾಕಿಸಲು ಹೊರಟ ದಿನ ಅವನನ್ನು ಗೋಣಿಚೀಲಕ್ಕೆ ತುಂಬಿದ್ದೆವು. ಉಡುಪಿ ಜಿಲ್ಲೆಯ ನಮ್ಮೂರಿನಲ್ಲಿ ಬೆಕ್ಕನ್ನು ಸಾಗಿಸುವ ಕ್ರಮವೇ ಅದು. ಅಮ್ಮ ಹಾಲಿನ ಬಟ್ಟಲು ತೋರಿಸಿ ಕರೆದರು. ನಾನು ಹಿಂದಿನಿಂದ ಹೆಡಕು ಹಿಡಿದೆ. ಚೀಲದ ಬಾಯಿಗೆ ಹುರಿಹಗ್ಗ ಬಿಗಿದು, ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು ಎಂಟು ಕಿಲೊಮೀಟರ್ ಹೋದೆವು. ಆಸ್ಪತ್ರೆಯ ಮೇಜಿನ ಮೇಲೆ ಚೀಲ ಬಿಚ್ಚಿದಾಗ ಅವನ ಕಣ್ಣುಗಳಲ್ಲಿ ಕಪ್ಪು ಪಾಪೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೂವರು ಸೇರಿ ಒತ್ತಿ ಹಿಡಿದರು, ಲಸಿಕೆ ಎರಡೇ ನಿಮಿಷದಲ್ಲಿ ಮುಗಿಯಿತು. ಆದರೆ ಆಮೇಲೆ ಇಡೀ ವರ್ಷ, ಅಂಗಡಿಯಿಂದ ಅಕ್ಕಿಮೂಟೆ ಬಂದರೆ ಸಾಕು, ಅವನು ಅಟ್ಟ ಏರಿ ಕತ್ತಲಾಗುವವರೆಗೆ ಇಳಿಯುತ್ತಿರಲಿಲ್ಲ. ಅಮ್ಮ ಹಾಲಿನ ಬಟ್ಟಲು ಹಿಡಿದು ನಿಂತರೆ ಹತ್ತಿರ ಸುಳಿಯುತ್ತಲೇ ಇರಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡಿತು. ಕತೆ ಕೇಳುವವರು ವಿಕಟಕವಿಯ ಚಾತುರ್ಯಕ್ಕೆ ತಲೆದೂಗುತ್ತಾರೆ. ಬೆಕ್ಕು ಸಾಕಿದವರಿಗೆ ಆ ಬೆಕ್ಕೇ ಮೊದಲು ಕಾಣುತ್ತದೆ. ಒಂದೇ ಸಲದ ನೋವನ್ನು ಅದು ಹಾಲಿನ ಜೊತೆ, ಬಟ್ಟಲಿನ ಜೊತೆ, ಕೊಟ್ಟ ಕೈಯ ಜೊತೆ ಗಂಟು ಹಾಕಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಈ ಬರಹದಲ್ಲಿ ಪ್ರತಿಯೊಂದು ಆಯ್ಕೆಯನ್ನೂ ನಾನು ಅಳೆದಿರುವುದು ಒಂದೇ ಅಳತೆಗೋಲಿನಿಂದ. ಇವತ್ತಿನ ಕೆಲಸ ಆಯಿತೇ ಎಂಬುದು ಅರ್ಧ ಪ್ರಶ್ನೆ ಮಾತ್ರ, ಮುಂದಿನ ಸಲ ಬೆಕ್ಕು ನಮ್ಮ ಕೈಗೆ ಬರುತ್ತದೆಯೇ ಎಂಬುದು ಉಳಿದರ್ಧ.

ಮೊದಲು ತಿಳಿಯಬೇಕಾದದ್ದು: ಹೆದರಿಕೆಯೋ, ನೋವೋ, ಆಟವೋ

ಪರಚುವ ಬೆಕ್ಕನ್ನೆಲ್ಲ ‘ಸಿಟ್ಟಿನ ಬೆಕ್ಕು’ ಎಂದು ಕರೆದುಬಿಡುತ್ತೇವೆ. ಹೆಸರು ತಪ್ಪಿದರೆ ಉಪಾಯವೂ ತಪ್ಪುತ್ತದೆ. ಕಿವಿಗಳನ್ನು ತಲೆಗೆ ಅಂಟಿಸಿ, ಮೈ ಕುಗ್ಗಿಸಿ, ಬಾಲವನ್ನು ಮೈಗೆ ಸುತ್ತಿಕೊಂಡು ಬುಸುಗುಟ್ಟುವ ಬೆಕ್ಕು ದಾಳಿಗೆ ಬಂದಿಲ್ಲ. ‘ದೂರ ಹೋಗು’ ಎಂದು ಬೇಡುತ್ತಿದೆ. ನಾವು ದೂರ ಹೋದರೆ ಅದು ಕಚ್ಚುವುದಿಲ್ಲ. ಹೋಗದೆ ಕೈ ಚಾಚಿದರೆ ಅದಕ್ಕೆ ಬೇರೆ ದಾರಿ ಉಳಿಯುವುದಿಲ್ಲ.

ಮಡಿಲಲ್ಲಿ ಮಲಗಿ ಸವರಿಸಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚುವುದು ಬೇರೆ ಸಂಗತಿ. ಇದ್ದಕ್ಕಿದ್ದಂತೆ ಎಂದು ನಮಗೆ ಅನ್ನಿಸುತ್ತದೆ ಅಷ್ಟೇ. ಬಾಲದ ತುದಿ ಆಡತೊಡಗಿರುತ್ತದೆ, ಬೆನ್ನಿನ ಚರ್ಮ ಅಲೆಯಂತೆ ನಡುಗಿರುತ್ತದೆ, ಕಿವಿ ಹಿಂದಕ್ಕೆ ತಿರುಗಿರುತ್ತದೆ. ಇಂಥ ಬೆಕ್ಕಿಗೆ ಕೆನ್ನೆ, ಗಲ್ಲ, ಕಿವಿಯ ಬುಡ ಸವರಿದರೆ ಸಾಕು. ಹೊಟ್ಟೆಗೂ ಬಾಲದ ಬುಡಕ್ಕೂ ಕೈ ಹಾಕಬಾರದು. ನಾಲ್ಕಾರು ಸೆಕೆಂಡು ಸವರಿ ನಿಲ್ಲಿಸಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತಿ ಕೇಳುತ್ತದೆ.

ಮರಿಗಳ ಕಚ್ಚಾಟ ಹೆಚ್ಚಾಗಿ ಆಟ. ತಾಯಿಯಿಂದಲೂ ಒಡಹುಟ್ಟಿದವುಗಳಿಂದಲೂ ಬೇಗ ಬೇರೆಯಾಗಿ ಒಂಟಿಯಾಗಿ ಬೆಳೆದ ಮರಿಗೆ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿಸಿದವರು ಇರುವುದಿಲ್ಲ. ಅಂಗೈಯನ್ನೇ ಆಟಿಕೆ ಮಾಡಿ ಕುಣಿಸುವುದಕ್ಕಿಂತ, ತೆಂಗಿನ ಕಡ್ಡಿಯ ತುದಿಗೆ ದಾರ ಕಟ್ಟಿ ಬಟ್ಟೆಯ ಚೂರನ್ನು ಎಳೆದಾಡಿಸುವುದು ಎಷ್ಟೋ ಮೇಲು. ಮರಿ ಚಿಕ್ಕದಿದ್ದಾಗ ಮುದ್ದಾಗಿ ಕಂಡ ಕಚ್ಚಾಟ ನಾಲ್ಕು ಕಿಲೊ ತೂಗುವ ಗಂಡುಬೆಕ್ಕಿನಲ್ಲಿ ಗಾಯವಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನೋವು. ವರ್ಷಗಟ್ಟಲೆ ಸಾಧುವಾಗಿದ್ದ ಬೆಕ್ಕು ಒಂದು ವಾರದಿಂದ ಮುಟ್ಟಿಸಿಕೊಳ್ಳುತ್ತಿಲ್ಲ ಎಂದಾದರೆ ಸ್ವಭಾವ ತಿದ್ದಲು ಹೋಗಬೇಡಿ, ಪಶುವೈದ್ಯರಿಗೆ ತೋರಿಸಿ. ಹಲ್ಲು ಕೊಳೆತಿರಬಹುದು, ಮುದಿಬೆಕ್ಕಿನ ಕೀಲು ಸವೆದಿರಬಹುದು. ಚೆನ್ನಾಗಿ ತಿನ್ನುತ್ತಿದ್ದರೂ ತೆಳ್ಳಗಾಗುತ್ತಾ, ಸದಾ ಸಿಡಿಮಿಡಿಗೊಳ್ಳುವ ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಗಂಡುಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು, ಹನಿ ಮೂತ್ರವೂ ಬಾರದೆ ಅರಚುತ್ತಿದ್ದರೆ ಅದು ನಾಳೆಗೆ ಮುಂದೂಡುವ ಸಂಗತಿಯೇ ಅಲ್ಲ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯಬಹುದು.

ಮನೆಯಲ್ಲಿ ಕೆರಳಿದಾಗ: ಗದರುವುದೋ, ಸಮಾಧಾನಪಡಿಸುವುದೋ, ಬಿಟ್ಟುಬಿಡುವುದೋ

ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಪೊರಕೆಯ ಕಡೆಗೆ ಅಥವಾ ನೀರಿನ ಚೊಂಬಿನ ಕಡೆಗೆ. ಎರಡೂ ಕೆಲಸ ಮಾಡುತ್ತವೆ, ಆ ಕ್ಷಣಕ್ಕೆ ಬೆಕ್ಕು ಓಡುತ್ತದೆ. ಆದರೆ ‘ಕಚ್ಚಿದ್ದರಿಂದ ಹೊಡೆದರು’ ಎಂಬ ತರ್ಕ ಅದರ ತಲೆಯಲ್ಲಿ ಹುಟ್ಟುವುದಿಲ್ಲ. ‘ಈ ಮನುಷ್ಯ ಹತ್ತಿರವಿದ್ದಾಗ ಕೆಟ್ಟದ್ದು ಆಗುತ್ತದೆ’ ಎಂಬುದಷ್ಟೇ ಉಳಿಯುತ್ತದೆ. ಮರುದಿನ ಅದು ಇನ್ನೂ ಬೇಗ ಬುಸುಗುಟ್ಟುತ್ತದೆ.

ಎತ್ತಿಕೊಂಡು ಮುದ್ದಾಡಿ ಸಮಾಧಾನಪಡಿಸುವುದು ಪ್ರೀತಿಯಿಂದ ಮಾಡುವ ತಪ್ಪು. ಇದನ್ನು ನಾನೂ ಮಾಡಿದ್ದೇನೆ. ಕಿಟಕಿಯಾಚೆ ಪಕ್ಕದ ಮನೆಯ ಗಂಡುಬೆಕ್ಕು ಕುಳಿತಿತ್ತು. ಕರಿಯ ಗಾಜಿಗೆ ಮೂಗು ಹಚ್ಚಿ ಗುರುಗುಡುತ್ತಿದ್ದ. ಬೆನ್ನು ಸವರಿ ‘ಬಾ ಮಗಾ’ ಎಂದದ್ದೇ ತಡ, ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಗೀರು. ಅವನಿಗೆ ಹೊರಗಿನ ಬೆಕ್ಕನ್ನು ಮುಟ್ಟಲಾಗಲಿಲ್ಲ, ಕೈಗೆ ಸಿಕ್ಕಿದ್ದು ನಾನು. ಹೀಗೆ ಬೇರೆ ಕಡೆಗೆ ತಿರುಗಿದ ಕೋಪ ಹತ್ತು ನಿಮಿಷದಲ್ಲಿ ಇಳಿಯುವುದಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಮೈಯಲ್ಲಿ ಕುದಿಯುತ್ತಿರುತ್ತದೆ.

ಮೂರರಲ್ಲಿ ನಾನು ಆರಿಸುವುದು ಬಿಟ್ಟುಬಿಡುವುದನ್ನೇ. ಆದರೆ ಅದಕ್ಕೂ ಕ್ರಮವಿದೆ. ಕಣ್ಣಿನಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತಿರುಗಿಸಿ ಓಡದೆ, ಪಕ್ಕಕ್ಕೆ ಸರಿಯುತ್ತಾ ಹೊರಗೆ ಬನ್ನಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಕಿಟಕಿಗೆ ಪರದೆ ಎಳೆಯಿರಿ, ದೀಪ ಆರಿಸಿ, ನೀರು ಮತ್ತು ಮರಳಿನ ತಟ್ಟೆ ಒಳಗಿಟ್ಟು ಬಾಗಿಲು ಹಾಕಿ. ಎಲ್ಲಿಗಾದರೂ ಸರಿಸಲೇಬೇಕು ಎಂದಾದರೆ ದಪ್ಪ ಟವೆಲ್ ಮೇಲೆ ಹಾಕಿ, ಅಥವಾ ದೊಡ್ಡ ರಟ್ಟನ್ನು ಗೋಡೆಯಂತೆ ಹಿಡಿದು ದಾರಿ ತೋರಿಸಿ. ಬರಿಗೈ ಬೇಡ. ಮರಳಿ ಬಳಿ ಹೋದಾಗ ನೆಲದ ಮೇಲೆ ಕುಳಿತು, ಬೇರೆಡೆ ನೋಡುತ್ತಾ, ನಿಧಾನವಾಗಿ ಕಣ್ಣು ಮಿಟುಕಿಸಿ. ಅದೂ ಹಾಗೆಯೇ ಕಣ್ಣು ಕಿರಿದಾಗಿಸಿದರೆ ಕುದಿ ಇಳಿಯುತ್ತಿದೆ ಎಂದು ತಿಳಿಯಬಹುದು.

ಬೀದಿ ಅಲೆಯುವ ಗಂಡುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಉಳಿದ ಉಪಾಯಗಳ ಮೇಲೆ ಭರವಸೆ ಇಡುವುದು ಕಷ್ಟ. ಐದು ತಿಂಗಳ ಹೊತ್ತಿಗೆ ಮಾಡಿಸಿದರೆ ಜಗಳ, ಅಲೆದಾಟ, ಗೋಡೆಗೆ ಮೂತ್ರ ಸಿಡಿಸುವುದು ಎಲ್ಲವೂ ಬಹುಮಟ್ಟಿಗೆ ತಗ್ಗುತ್ತವೆ. ಉಗುರು ಕೀಳಿಸುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಅದು ಬರೀ ಉಗುರು ಕೀಳುವುದಲ್ಲ, ಬೆರಳಿನ ಕೊನೆಯ ಎಲುಬನ್ನೇ ಕತ್ತರಿಸುವುದು. ಉಗುರು ಇಲ್ಲದ ಬೆಕ್ಕಿಗೆ ಹಲ್ಲೊಂದೇ ಆಯುಧ.

ಸಾಗಿಸುವುದು ಯಾವುದರಲ್ಲಿ

ಆಸ್ಪತ್ರೆಯ ಭಯದ ಅರ್ಧ ಪಾಲು ಮನೆಯಲ್ಲೇ, ಹಿಡಿಯುವ ಹೊತ್ತಿನಲ್ಲಿ ಹುಟ್ಟುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಗೋಣಿಚೀಲದ ಪರವಾಗಿ ಹೇಳಬಹುದಾದದ್ದು ಎರಡು: ಖರ್ಚಿಲ್ಲ, ಗಾಳಿ ಆಡುತ್ತದೆ. ಉಳಿದದ್ದೆಲ್ಲ ವಿರುದ್ಧವೇ. ಒಳಗೆ ಬೆಕ್ಕಿಗೆ ನಿಲ್ಲಲು ನೆಲವಿಲ್ಲ. ತೂಗಾಡುತ್ತಾ ಸಾಗುವಾಗ ಎಲ್ಲ ಕಡೆಯಿಂದ ಏನೋ ಒತ್ತುತ್ತಿರುತ್ತದೆ. ಆಸ್ಪತ್ರೆಯಲ್ಲಿ ಬಾಯಿ ಬಿಚ್ಚಿದರೆ ಚಿಮ್ಮಿ ಓಡುತ್ತದೆ. ಜೊತೆಗೆ ನಮ್ಮ ಊರುಗಳಲ್ಲಿ ಬೆಕ್ಕನ್ನು ದೂರ ಬಿಟ್ಟು ಬರುವುದೂ ಇದೇ ಚೀಲದಲ್ಲಿ. ಯಾರದೋ ಮನೆಯಿಂದ ಮೀನು ಮಾರುಕಟ್ಟೆಗೆ ಬಂದು ಬಿದ್ದ ಬೆಕ್ಕನ್ನು ನೀವು ಸಾಕಿಕೊಂಡಿದ್ದರೆ, ಗೋಣಿಯ ವಾಸನೆ ಅದಕ್ಕೆ ಏನನ್ನು ನೆನಪಿಸುತ್ತದೆ ಎಂದು ಯೋಚಿಸಿ.

ರಟ್ಟಿನ ಪೆಟ್ಟಿಗೆ ಬೆಕ್ಕಿಗೆ ಇಷ್ಟ. ಆದರೆ ಹೆದರಿ ಮೂತ್ರ ಮಾಡಿದರೆ ತಳ ಕಳಚುತ್ತದೆ, ನಮ್ಮ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಸಾಧು ಮರಿಗೆ, ಕಾರಿನಲ್ಲಿ, ಹತ್ತು ನಿಮಿಷದ ದಾರಿಗೆ ಸಾಕು. ತಂತಿಯ ಪಂಜರ ಗಟ್ಟಿ, ತೊಳೆಯಲು ಸುಲಭ. ನಾಲ್ಕೂ ಕಡೆಯಿಂದ ಲಾರಿ, ನಾಯಿ, ಜನ ಕಾಣುವುದೇ ಅದರ ದೋಷ. ಪಂಜರವೊಂದೇ ಇರುವುದಾದರೆ ಹಳೆಯ ಸೀರೆ ಸುತ್ತಿ ಕತ್ತಲೆ ಮಾಡಿ. ಬೆನ್ನಿಗೆ ಹಾಕಿಕೊಳ್ಳುವ, ಮುಂದೆ ಗುಮ್ಮಟದಂತೆ ಪಾರದರ್ಶಕ ಕಿಟಕಿ ಇರುವ ಚೀಲಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ತುಂಬಿವೆ. ಫೋಟೊದಲ್ಲಿ ಚೆಂದ. ಅಡಗಬೇಕೆಂದಿರುವ ಪ್ರಾಣಿಯನ್ನು ಗಾಜಿನ ಹಿಂದೆ ಕೂರಿಸಿ ಪೇಟೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಬಿಸಿಲಿನಲ್ಲಿ ಒಳಗೆ ಸೆಖೆಯೂ ಜಾಸ್ತಿ. ಬಟ್ಟೆಯ ಮೃದು ಬ್ಯಾಗು ಹಗುರ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಆದರೆ ಕೆರಳಿದ ಬೆಕ್ಕು ಜಿಪ್ಪನ್ನು ಉಗುರಿನಿಂದ ಬಿಚ್ಚಬಲ್ಲದು, ಜಾಲರಿಯನ್ನು ಹರಿಯಬಲ್ಲದು.

ಹೆದರುವ ಬೆಕ್ಕಿಗೆ ನಾನು ನಿಸ್ಸಂಶಯವಾಗಿ ಹೇಳುವುದು ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾರಿಯರ್. ಅದರಲ್ಲೂ ಮುಂದಿನ ಬಾಗಿಲಿನ ಜೊತೆಗೆ ಮೇಲ್ಭಾಗವನ್ನೂ ಕಳಚಬಹುದಾದದ್ದು. ಕೊಳ್ಳುವಾಗ ಎಲ್ಲರೂ ಬಣ್ಣ ನೋಡುತ್ತಾರೆ. ನೀವು ನಡುವಿನ ಕ್ಲಿಪ್ಪುಗಳನ್ನು ನೋಡಿ: ಸದ್ದಿಲ್ಲದೆ, ಸಲೀಸಾಗಿ ಬಿಚ್ಚಬೇಕು. ಯಾಕೆಂದು ಮುಂದೆ ಮೇಜಿನ ವಿಷಯ ಬಂದಾಗ ಹೇಳುತ್ತೇನೆ. ಅದಕ್ಕೆ ಹಣ ಹೊಂದದಿದ್ದರೆ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು, ಬಟ್ಟೆ ಹಾಕಿಡುವಂಥ ತೂತುಗಳ ಬುಟ್ಟಿಗಳನ್ನು, ಒಂದರ ಮೇಲೊಂದು ಬೋರಲು ಹಾಕಿ ನಾಲ್ಕು ಕಡೆ ಹಗ್ಗ ಕಟ್ಟಿ. ಗುಣದಲ್ಲಿ ಕ್ಯಾರಿಯರ್‌ಗೆ ಬಹಳ ಹತ್ತಿರ. ನನ್ನ ಅತ್ತೆಯ ಮನೆಯಲ್ಲಿ ಮೂರು ಬೆಕ್ಕುಗಳು ಹೀಗೆಯೇ ಆಸ್ಪತ್ರೆ ಕಂಡಿವೆ.

ಯಾವುದನ್ನು ಕೊಂಡರೂ ಅದು ಅಟ್ಟದ ಮೇಲೆ ಇದ್ದರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಇಳಿಸಿದ ಪೆಟ್ಟಿಗೆ ಎಂದರೆ ಬೆಕ್ಕಿಗೆ ಸೂಜಿ ಎಂದೇ ಅರ್ಥ. ಬಾಗಿಲು ತೆಗೆದು, ಒಳಗೆ ಅದರದೇ ವಾಸನೆಯ ಹಳೆಯ ಬಟ್ಟೆ ಹಾಸಿ, ಅದು ಮಲಗುವ ಮೂಲೆಯಲ್ಲೇ ಸದಾ ಇಡಿ. ಬೂತಾಯಿ ಮೀನಿನ ತಲೆಯನ್ನು ಮೊದಲು ಬಾಗಿಲ ಬಳಿ, ಎರಡು ದಿನ ಬಿಟ್ಟು ಹೊಸ್ತಿಲಲ್ಲಿ, ಆಮೇಲೆ ಒಳಗಿನ ತುದಿಯಲ್ಲಿ ಇಡಿ. ತಾನಾಗಿ ಒಳಗೆ ಮಲಗತೊಡಗಿದ ಮೇಲೆ ಒಂದು ಕ್ಷಣ ಬಾಗಿಲು ಹಾಕಿ ತೆಗೆಯಿರಿ. ಮುಂದೆ ಒಂದು ನಿಮಿಷ, ಮತ್ತೆ ಎತ್ತಿ ಅಂಗಳದವರೆಗೆ. ಕರಿಯನಿಗೆ ಇದಕ್ಕೆ ಆರು ವಾರ ಹಿಡಿಯಿತು. ಗೋಣಿಚೀಲದ ಎರಡು ನಿಮಿಷವನ್ನು ತೊಳೆಯಲು ಆರು ವಾರ.

ಹೊರಡುವ ಕೆಲವು ಗಂಟೆ ಮುಂಚೆ ಊಟ ನಿಲ್ಲಿಸಿದರೆ ದಾರಿಯಲ್ಲಿ ವಾಂತಿ ಕಡಿಮೆ. ಪೆಟ್ಟಿಗೆಯನ್ನು ಹಿಡಿಕೆಯಿಂದ ತೂಗಾಡಿಸದೆ ತಳಕ್ಕೆ ಕೈಕೊಟ್ಟು ಎದೆಗೊತ್ತಿ ಹಿಡಿಯಿರಿ. ಸ್ಕೂಟರಿಗಿಂತ ಆಟೊ ಮೇಲು, ಆಟೊಗಿಂತ ಕಿಟಕಿ ಮುಚ್ಚಿದ ಕಾರು ಮೇಲು. ಮನುಷ್ಯರ ಕಿವಿ 20 ಸಾವಿರ ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಬೆಕ್ಕಿನ ಕಿವಿ 60 ಸಾವಿರ ಹರ್ಟ್ಸ್‌ಗೂ ಮೇಲಿನದನ್ನು ಕೇಳುತ್ತದೆ. ನಮಗೆ ಕೇಳಿಸದ ಕಿರಿಚುಗಳು ಎಂಜಿನ್ನಿನಲ್ಲೂ ಬ್ರೇಕಿನಲ್ಲೂ ಇರುತ್ತವೆ. ಸ್ಕೂಟರೇ ಗತಿ ಎಂದಾದರೆ ಹಿಂದೆ ಇನ್ನೊಬ್ಬರು ಕುಳಿತು, ಟವೆಲ್ ಹೊದಿಸಿದ ಪೆಟ್ಟಿಗೆಯನ್ನು ತೊಡೆಯ ಮೇಲೆ ಹಿಡಿದುಕೊಳ್ಳಲಿ.

ಆಸ್ಪತ್ರೆಗೆ ಹೋಗುವುದೋ, ವೈದ್ಯರನ್ನು ಮನೆಗೆ ಕರೆಸುವುದೋ

ಮನೆಗೆ ಕರೆಸಿದರೆ ಪ್ರಯಾಣವಿಲ್ಲ, ನಾಯಿಗಳ ಬೊಗಳಿಕೆ ಇಲ್ಲ. ಕೇಳಿದೊಡನೆ ಇದೇ ಸರಿ ಎನ್ನಿಸುತ್ತದೆ. ಆದರೆ ಹೆದರುವ ಬೆಕ್ಕು ಹೊಸಬರ ಕಾಲಿನ ಸದ್ದಿಗೇ ಮಂಚದಡಿ ಸೇರುತ್ತದೆ. ಅಲ್ಲಿಂದ ಎಳೆದು ತೆಗೆದರೆ ಅದಕ್ಕಿದ್ದ ಒಂದೇ ಸುರಕ್ಷಿತ ಜಾಗವೂ ಕೆಡುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ, ಆಮ್ಲಜನಕ ಯಾವುದೂ ಮನೆಯಲ್ಲಿ ಇರುವುದಿಲ್ಲ. ವರ್ಷದ ಲಸಿಕೆ, ಹಾಸಿಗೆ ಹಿಡಿದ ಮುದಿಬೆಕ್ಕಿನ ಆರೈಕೆ, ಉಗುರು ಕತ್ತರಿಸುವುದು ಇಂಥವಕ್ಕೆ ಮನೆ ಒಳ್ಳೆಯದು. ಆಗಲೂ ವೈದ್ಯರು ಬರುವ ಅರ್ಧ ಗಂಟೆ ಮೊದಲೇ ಬೆಕ್ಕನ್ನು ಅಡಗುತಾಣಗಳಿಲ್ಲದ ಚಿಕ್ಕ ಕೋಣೆಯಲ್ಲಿ, ಅದರ ಪೆಟ್ಟಿಗೆಯೊಂದಿಗೆ ಇರಿಸಿ. ಕಾಯಿಲೆ ಏನೆಂದು ಗೊತ್ತಿಲ್ಲದಿದ್ದರೆ ಆಸ್ಪತ್ರೆಯೇ ಸರಿ.

ತಾಲ್ಲೂಕಿನ ಸರಕಾರಿ ಪಶು ಆಸ್ಪತ್ರೆಯಲ್ಲಿ ಖರ್ಚು ಕಡಿಮೆ, ಅನುಭವಿಗಳಾದ ವೈದ್ಯರಿರುತ್ತಾರೆ. ಆದರೆ ಬೆಳಗಿನ ಹೊತ್ತು ದನ, ನಾಯಿ, ಕೋಳಿ, ಜನ ಎಲ್ಲ ಒಂದೇ ಅಂಗಳದಲ್ಲಿ. ದೊಡ್ಡ ಕಾಯಿಲೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಪರೀಕ್ಷೆಯ ಸೌಲಭ್ಯಗಳು ಒಂದೇ ಕಡೆ ಸಿಗುತ್ತವೆ. ಖಾಸಗಿ ಕ್ಲಿನಿಕ್ಕಿನಲ್ಲಿ ಹೊತ್ತು ಗೊತ್ತುಮಾಡಿಕೊಂಡು ಹೋಗಬಹುದು ಎಂಬುದೇ ಹೆದರುವ ಬೆಕ್ಕಿನ ಮಟ್ಟಿಗೆ ದೊಡ್ಡ ಅನುಕೂಲ. ಎಲ್ಲಿಗೆ ಹೋದರೂ ಮೊದಲೇ ಫೋನ್ ಮಾಡಿ, ‘ನಮ್ಮ ಬೆಕ್ಕು ಹೆದರಿದರೆ ಕಚ್ಚುತ್ತದೆ’ ಎಂದು ನೇರವಾಗಿ ಹೇಳಿ. ಮುಚ್ಚಿಡಲು ಇದರಲ್ಲಿ ನಾಚಿಕೆಯದೇನೂ ಇಲ್ಲ. ಬೆಕ್ಕುಗಳಿಗೆ ಬೇರೆ ಸಮಯವಿದೆಯೇ, ಕ್ಯಾರಿಯರ್‌ನ ಒಳಗೇ ಪರೀಕ್ಷಿಸುತ್ತಾರೆಯೇ, ಮೊದಲೇ ಮಾತ್ರೆ ಕೊಡುತ್ತಾರೆಯೇ ಎಂದು ಕೇಳಿ. ಈ ಮೂರು ಪ್ರಶ್ನೆಗೆ ಸಿಗುವ ಉತ್ತರದಿಂದ ಕ್ಲಿನಿಕ್ಕಿನ ಅರ್ಧ ಗುಣ ತಿಳಿಯುತ್ತದೆ. ಸರದಿ ಬರುವವರೆಗೆ ಕಾರಿನಲ್ಲೋ ಆಟೊದಲ್ಲೋ ಇರಿ. ಒಳಗೆ ಕೂರಲೇಬೇಕಾದರೆ ಪೆಟ್ಟಿಗೆ ನೆಲದ ಮೇಲೆ ಬೇಡ, ಪಕ್ಕದ ಕುರ್ಚಿಯ ಮೇಲಿರಲಿ. ನೆಲದ ಮಟ್ಟದಲ್ಲಿ ನಾಯಿಯ ಮೂಗು ಬರುತ್ತದೆ.

ಮೇಜಿನ ಮೇಲೆ: ಹೆಡಕು, ಟವೆಲ್, ಅಥವಾ ಪೆಟ್ಟಿಗೆಯ ತಳ

‘ತಾಯಿ ಬೆಕ್ಕೇ ಮರಿಯನ್ನು ಹೆಡಕು ಕಚ್ಚಿ ಎತ್ತುವುದಿಲ್ಲವೇ?’ ಎಂದು ಕೇಳುವವರು ಬಹಳ. ಎತ್ತುತ್ತದೆ, ಮರಿಗೆ ಕೆಲವೇ ವಾರ ಆಗಿರುವವರೆಗೆ ಮಾತ್ರ. ಬೆಳೆದ ಬೆಕ್ಕಿನ ಹೆಡಕನ್ನು ಇನ್ನೊಂದು ಪ್ರಾಣಿ ಹಿಡಿಯುವುದು ಜಗಳದಲ್ಲಿ, ಕೂಡುವಾಗ, ಇಲ್ಲವೇ ಕೊಲ್ಲಲು ಬಂದಾಗ. ಹೆಡಕು ಹಿಡಿದೊಡನೆ ಬೆಕ್ಕು ಸ್ತಬ್ಧವಾದರೆ ಅದನ್ನು ಶಾಂತಿ ಎಂದುಕೊಳ್ಳುತ್ತೇವೆ. ಹೆಚ್ಚಾಗಿ ಅದು ಭಯದ ಮರಗಟ್ಟುವಿಕೆ. 2022ರಲ್ಲಿ ಅಮೆರಿಕದ ಬೆಕ್ಕುವೈದ್ಯರ ಸಂಘವೂ ಅಂತರರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸಂಘವೂ ಸೇರಿ ಹೊರಡಿಸಿದ ಮಾರ್ಗಸೂಚಿ ಹೆಡಕು ಹಿಡಿಯುವುದನ್ನು ಬೆಂಬಲಿಸುವುದಿಲ್ಲ. ಮಗ್ಗುಲಾಗಿ ಮಲಗಿಸಿ ಇಡೀ ಮೈಯನ್ನು ಒತ್ತಿ ಹಿಡಿಯುವುದರ ಕತೆಯೂ ಅದೇ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಹೋಲಿಸಿ ನೋಡಿದಾಗ, ಸಡಿಲವಾಗಿ ಹಿಡಿದ ಬೆಕ್ಕುಗಳಿಗಿಂತ ಒತ್ತಿ ಹಿಡಿದವುಗಳೇ ಹೆಚ್ಚು ಒದ್ದಾಡಿದವು.

ಟವೆಲ್ ಇವೆರಡಕ್ಕಿಂತ ಎಷ್ಟೋ ಉತ್ತಮ. ಮನೆಯಿಂದಲೇ ಬೆಕ್ಕಿನದೇ ವಾಸನೆಯ ಟವೆಲ್ ಒಯ್ಯಿರಿ. ತಲೆ ಮುಚ್ಚಿದರೆ ಕೆಲವು ಬೆಕ್ಕುಗಳು ಸಮಾಧಾನಗೊಳ್ಳುತ್ತವೆ. ಕುತ್ತಿಗೆಯ ಸುತ್ತ ಶಾಲಿನಂತೆ ಸುತ್ತಿದರೆ ಮುಂಗಾಲಿನ ಉಗುರು ಒಳಗೇ ಉಳಿಯುತ್ತದೆ. ಬಿಗಿಯಾಗಿ ಸುತ್ತಬಾರದು, ಸೆಖೆಯಲ್ಲಿ ಬಹಳ ಹೊತ್ತು ಸುತ್ತಿಡಲೂಬಾರದು. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಡತೊಡಗಿದರೆ ತಕ್ಷಣ ಬಿಡಿಸಬೇಕು.

ಎಲ್ಲಕ್ಕಿಂತ ಒಳ್ಳೆಯದು ನನಗೆ ಗೊತ್ತಾದದ್ದು ಕರಿಯನ ಎರಡನೆಯ ವರ್ಷದ ಲಸಿಕೆಯ ದಿನ, ಬೇರೆ ವೈದ್ಯರ ಬಳಿ. ಪೆಟ್ಟಿಗೆಯ ಬಾಗಿಲು ತೆಗೆದು ಅವನನ್ನು ಎಳೆಯಲು ಕೈ ಹಾಕಿದ್ದೆ. ‘ಎಳೆಯಬೇಡಿ ಅಮ್ಮ, ಅವನು ಅಲ್ಲೇ ಇರಲಿ. ಮೇಲಿನ ಮುಚ್ಚಳ ಮಾತ್ರ ತೆಗೆಯೋಣ’ ಎಂದರು. ಕ್ಲಿಪ್ಪು ಬಿಚ್ಚಿ, ಮುಚ್ಚಳ ಎತ್ತುತ್ತಿದ್ದಂತೆ ಟವೆಲ್ ಹೊದಿಸಿದರು. ಅವನು ತನ್ನದೇ ಹಾಸಿನ ಮೇಲೆ, ತಳದ ಮೂರು ಗೋಡೆಗಳ ನಡುವೆ ಕುಳಿತಿದ್ದ. ಟವೆಲಿನ ಅಂಚು ಸರಿಸಿ ಹಿಂಗಾಲಿನ ಹತ್ತಿರ ಸೂಜಿ ಚುಚ್ಚಿದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ಬುಸ್ ಎನ್ನಲಿಲ್ಲ. ಹಿಡಿದವರು ಯಾರೂ ಇರಲಿಲ್ಲ. ಕ್ಯಾರಿಯರ್ ಕೊಳ್ಳುವಾಗ ಕ್ಲಿಪ್ಪು ನೋಡಿ ಎಂದದ್ದು ಇದಕ್ಕೆ.

ಇಷ್ಟಾದರೂ ಆಗದ ಬೆಕ್ಕುಗಳಿವೆ. ಆಗ ಇರುವ ಆಯ್ಕೆ ಎರಡು: ಇನ್ನಷ್ಟು ಬಲವಾಗಿ ಹಿಡಿಯುವುದು, ಅಥವಾ ಮಂಪರು ಚುಚ್ಚುಮದ್ದು. ‘ಅರಿವಳಿಕೆ ಕೊಡಬೇಡಿ, ಹೇಗಾದರೂ ಹಿಡಿದು ಮುಗಿಸಿಬಿಡಿ’ ಎಂದು ಒತ್ತಾಯಿಸುವ ಮಾಲೀಕರನ್ನು ನೋಡಿದ್ದೇನೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹೃದಯ, ಮೂತ್ರಪಿಂಡ ನೋಡಿ ಅಳತೆಯಂತೆ ಕೊಟ್ಟ ಮಂಪರಿಗಿಂತ, ಹದಿನೈದು ನಿಮಿಷದ ಗುದ್ದಾಟವೇ ಅನೇಕ ಬೆಕ್ಕುಗಳಿಗೆ ಹೆಚ್ಚು ಅಪಾಯದ್ದು. ಮಂಪರು ಕೊಡುವುದಾದರೆ ಗುದ್ದಾಟಕ್ಕೆ ಮುಂಚೆಯೇ ಕೊಡಬೇಕು. ಕೆರಳಿದ ಮೇಲೆ ಔಷಧ ಸರಿಯಾಗಿ ಹಿಡಿಯುವುದಿಲ್ಲ. ತುರ್ತಲ್ಲದ ಕೆಲಸವಾದರೆ ಮೂರನೆಯ ದಾರಿಯೂ ಇದೆ: ಇವತ್ತು ನಿಲ್ಲಿಸಿ ಮನೆಗೆ ಹೋಗಿ, ಇನ್ನೊಂದು ದಿನ ಮಾತ್ರೆ ಕೊಟ್ಟು ಬರುವುದು.

ಮಾತ್ರೆಗಳಲ್ಲಿ ಯಾವುದು

ಹೊರಡುವ ಮುನ್ನ ಮನೆಯಲ್ಲೇ ಕೊಡಲು ಈಗ ವೈದ್ಯರು ಹೆಚ್ಚಾಗಿ ಬರೆಯುವುದು ಗ್ಯಾಬಪೆಂಟಿನ್. ಹೊರಡುವ ಎರಡು–ಮೂರು ಗಂಟೆ ಮೊದಲು ಕೊಟ್ಟರೆ ಭಯ ತಗ್ಗುತ್ತದೆ, ಸ್ವಲ್ಪ ತೂಕಡಿಕೆ ಬರುತ್ತದೆ. ಕೆಲವು ಗಂಟೆ ಕಾಲು ತಡವರಿಸಬಹುದಾದ್ದರಿಂದ ಆ ದಿನ ಮಾಳಿಗೆ, ಬಾವಿಕಟ್ಟೆ ಹತ್ತಲು ಬಿಡಬಾರದು. ಆಸ್ಪತ್ರೆಗೆ ಹೋಗಬೇಕಿಲ್ಲದ ಒಂದು ದಿನ ವೈದ್ಯರ ಒಪ್ಪಿಗೆಯಿಂದ ಒಮ್ಮೆ ಕೊಟ್ಟು ನೋಡಿದರೆ ನಿಮ್ಮ ಬೆಕ್ಕಿಗೆ ಅದು ಹೇಗೆ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿಗೆ ಪ್ರಮಾಣ ಬೇರೆ. ಪ್ರಯಾಣ ಮತ್ತು ಆಸ್ಪತ್ರೆಯ ಭಯಕ್ಕೆಂದೇ ಪ್ರೆಗಬಾಲಿನ್ ದ್ರಾವಣವೊಂದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಬೆಕ್ಕುಗಳಿಗೆ ಒಪ್ಪಿದೆ. ಅಲ್ಲಿರುವ ಕನ್ನಡಿಗರು ತಮ್ಮ ವೈದ್ಯರನ್ನು ಕೇಳಬಹುದು.

ಹಿಂದೆ ಬಹಳ ಬಳಕೆಯಲ್ಲಿದ್ದ ಅಸೆಪ್ರೊಮಜಿನ್ ಒಂದನ್ನೇ ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಮೈಯನ್ನು ಜಡಗೊಳಿಸುತ್ತದೆ, ಭಯವನ್ನು ಹಾಗೆಯೇ ಬಿಡುತ್ತದೆ. ಹೆದರಿಯೂ ಓಡಲಾಗದ ಸ್ಥಿತಿ ಅದು. ಬೆಕ್ಕು ಕೆನ್ನೆ ಉಜ್ಜಿ ಬಿಡುವ ಗಂಧವನ್ನು ಅನುಕರಿಸಿ ತಯಾರಿಸಿದ ಫೆರೊಮೋನ್ ಸ್ಪ್ರೇ ನಿರಪಾಯಕಾರಿ, ಬೆಲೆ ಹೆಚ್ಚು, ಫಲ ಒಂದೊಂದು ಬೆಕ್ಕಿನಲ್ಲಿ ಒಂದೊಂದು ತೆರ. ಹಾಸಿಗೆ ಸಿಂಪಡಿಸಿ ಹದಿನೈದು ನಿಮಿಷ ಒಣಗಲು ಬಿಟ್ಟು ಆಮೇಲೆ ಬೆಕ್ಕನ್ನು ಕೂರಿಸಬೇಕು. ಕೈಯಲ್ಲಿ ಹಣ ಒಂದಕ್ಕೇ ಇದ್ದರೆ ಸ್ಪ್ರೇ ಬಿಟ್ಟು ಒಳ್ಳೆಯ ಕ್ಯಾರಿಯರ್ ಕೊಳ್ಳಿ.

ಮನುಷ್ಯರ ನಿದ್ದೆಮಾತ್ರೆ, ನೋವಿನ ಮಾತ್ರೆಗಳನ್ನು ಅಂದಾಜಿನ ಮೇಲೆ ಕೊಡಬೇಡಿ. ಮನೆಮನೆಯಲ್ಲೂ ಇರುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಮರಳಿ ಬಂದ ಮೇಲೆ

ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಇದನ್ನು ಮರೆಯಬೇಡಿ. ಆಸ್ಪತ್ರೆಯ ವಾಸನೆ ಹೊತ್ತು ಬಂದ ಬೆಕ್ಕನ್ನು ಜೊತೆಯಲ್ಲೇ ಬೆಳೆದ ಬೆಕ್ಕು ಗುರುತಿಸದೇ ಹೋಗಬಹುದು. ನಮ್ಮ ಬೆಳ್ಳಿ, ಕರಿಯನ ಬೆನ್ನಿಗಂಟಿ ಮಲಗುವವಳು, ಆ ಮೊದಲ ಸಲ ಅವನನ್ನು ಅಡುಗೆಮನೆಯಿಂದ ಹೊರಗಟ್ಟಿದಳು. ಆಗ ನಮಗೆ ಕಾರಣ ತಿಳಿಯಲಿಲ್ಲ, ಬೆಳ್ಳಿಗೆ ಗದರಿದೆವು. ಈಗ ಬಂದವನನ್ನು ಒಂದು ರಾತ್ರಿ ಬೇರೆ ಕೋಣೆಯಲ್ಲಿ ಇರಿಸುತ್ತೇವೆ. ಬೆಳ್ಳಿ ಮಲಗುವ ಬಟ್ಟೆಯನ್ನು ಅವನಿಗೂ ಅವನದ್ದನ್ನು ಅವಳಿಗೂ ಹಾಸುತ್ತೇವೆ. ಬೆಳಗ್ಗೆ ಬಾಗಿಲ ಸಂದಿಯ ಎರಡೂ ಕಡೆ ಮೀನು ಇಟ್ಟು ಆಮೇಲೆ ತೆರೆಯುತ್ತೇವೆ.

ಕಚ್ಚಿಸಿಕೊಂಡರೆ

ಇಲ್ಲಿ ಹೋಲಿಕೆಗೆ ಜಾಗವಿಲ್ಲ, ದಾರಿ ಒಂದೇ. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಕಾಫಿಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಉಳಿಸುವ ಔಷಧವಿಲ್ಲ. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗಬಹುದು. ಲಸಿಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಕಚ್ಚಿದ ಬೆಕ್ಕನ್ನು ಓಡಿಸಬೇಡಿ, ಹತ್ತು ದಿನ ಕಣ್ಣಿಟ್ಟು ನೋಡಿ, ಅದು ಆರೋಗ್ಯವಾಗಿದೆಯೇ ಎಂಬುದು ನಿಮ್ಮ ವೈದ್ಯರಿಗೆ ಬೇಕು. ಹಾಗೆಂದು ಆ ಹತ್ತು ದಿನ ಮುಗಿಯಲಿ ಎಂದು ಲಸಿಕೆಯನ್ನು ತಡೆಹಿಡಿಯಬೇಡಿ.

ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣ, ಆಳಕ್ಕೆ ಇಳಿಯುತ್ತದೆ. ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಕೀವಾಗುತ್ತದೆ. ಬೆರಳ ಗೆಣ್ಣಿನ ಬಳಿ ಕಚ್ಚಿ, ಮರುದಿನಕ್ಕೆ ಕೆಂಪಾಗಿ ಊದಿಕೊಂಡು ಬೆರಳು ಮಡಚಲು ಆಗದಿದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ.